ಮುಂಬೈಗೆ ಹೊರಟಿದ್ದೀರಾ? ಮೊದಲು ಗಡಿಯಾರ ನೋಡಿ

(ಹುಬ್ಬಳ್ಳಿಯ ಹಿರಿಯ ನಾಗರಿಕರ ಕೂಟವೊಂದರಲ್ಲಿ ಆಡಿದ ಮಾತಿನ ಬರಹ ರೂಪ)

ಮುಂಬೈ ಇನ್ನೂ ನೋಡದವರು ಕೈ ಎತ್ತಿ ಅಂದೆ. ಹತ್ತಿರ ಹತ್ತಿರ ಅರ್ಧ ಸಭೆ ಎತ್ತಿದೆ. ನೋಡಿ, 1956ರ ನವೆಂಬರ್ 1ರವರೆಗೆ ನಮ್ಮ ಧಾರವಾಡ ಜಿಲ್ಲೆಗೆ ರಾಜಧಾನಿ ಅದೇ ಊರು. ಆಗ ಗದಗ, ಹಾವೇರಿ ಕೂಡ ಧಾರವಾಡ ಜಿಲ್ಲೆಯೊಳಗೇ ಇದ್ದವು. ಹೊಲದ ವ್ಯಾಜ್ಯ ಹೈಕೋರ್ಟಿಗೆ ಹೋದರೆ ಮುಂಬೈಗೇ ಹೋಗಬೇಕು. 1917ರಲ್ಲಿ ಶುರುವಾದ ನಮ್ಮ ಕರ್ನಾಟಕ ಕಾಲೇಜಿನಲ್ಲಿ ಓದಿದವರಿಗೆ ಡಿಗ್ರಿ ಬರುತ್ತಿದ್ದದ್ದೂ ಮುಂಬೈ ವಿಶ್ವವಿದ್ಯಾಲಯದಿಂದ. ಧಾರವಾಡದ ವಿಶ್ವವಿದ್ಯಾಲಯ ಹುಟ್ಟಿದ್ದು 1949ರಲ್ಲಿ. ಹಾಗಾಗಿ ಊರು ನೋಡಲು ಹೋಗುವಾಗ ಪರಊರಿಗೆ ಹೊರಟ ಭಯ ಇಟ್ಟುಕೊಳ್ಳಬೇಡಿ. ನಮ್ಮ ಅಜ್ಜಂದಿರು ಕಾಗದಪತ್ರ ಹಿಡಿದು ಅಲೆದಾಡಿದ ಊರು ಅದು.

ನನ್ನ ನೌಕರಿಯ ಬಹಳಷ್ಟು ವರ್ಷ ಅಲ್ಲೇ ಕಳೆದವು. ಹುಬ್ಬಳ್ಳಿಗೆ ವಾಪಸ್ ಬಂದ ಮೇಲೂ ಯಾರೇ ಮುಂಬೈಗೆ ಹೊರಟರೂ ನನಗೊಂದು ಫೋನು ಬರುತ್ತದೆ. "ಎರಡು ದಿನದಾಗ ಏನೇನ್ ಆಗ್ತದ್ರಿ?" ಅಂತ ಕೇಳುತ್ತಾರೆ. ಫೋನು ಇಟ್ಟ ತಕ್ಷಣ ವಾಟ್ಸಾಪಿನಲ್ಲಿ ಪಟ್ಟಿ ಬರುತ್ತದೆ: ಗೇಟ್‌ವೇ, ಎಲಿಫೆಂಟಾ, ಸಿದ್ಧಿವಿನಾಯಕ, ಹಾಜಿ ಅಲಿ, ಜುಹು, ಫಿಲ್ಮ್ ಸಿಟಿ, ಶಾರುಖ್ ಖಾನ್ ಮನೆ. ಪಟ್ಟಿ ಸರಿಯಾಗೇ ಇರುತ್ತದೆ. ಆದರೆ ಯಾವುದನ್ನು ಯಾವ ವಾರ, ಎಷ್ಟು ಹೊತ್ತಿಗೆ, ಯಾವ ಕಡೆಯಿಂದ ಹೋಗಿ ನೋಡುವುದು ಅನ್ನುವುದೇ ಅದರಲ್ಲಿ ಇರುವುದಿಲ್ಲ. ಮುಂಬೈನಲ್ಲಿ ಎಲ್ಲಾ ನಿಂತಿರುವುದು ಅದರ ಮೇಲೆ. ಇವತ್ತು ನಾನು ಹೇಳುವುದೂ ಬಹುತೇಕ ಅದನ್ನೇ.

ಮೊದಲು ಊರಿನ ಆಕಾರ ತಿಳಿದುಕೊಳ್ಳಿ. ಸವತೆಕಾಯಿಯೊಂದನ್ನು ಉದ್ದಕ್ಕೆ ನಿಲ್ಲಿಸಿದ ಹಾಗಿದೆ ಆ ಊರು. ಪಶ್ಚಿಮಕ್ಕೆ ಸಮುದ್ರ, ಪೂರ್ವಕ್ಕೆ ಬಂದರು ಮತ್ತು ಖಾರಿ, ಅಂದರೆ ನೆಲದೊಳಗೆ ನುಗ್ಗಿದ ಸಮುದ್ರದ ನೀರು. ಏಳು ದ್ವೀಪಗಳ ನಡುವಿನ ನೀರು ತುಂಬಿಸಿ ಒಂದು ಮಾಡಿದ ನೆಲ, ಅಗಲಕ್ಕೆ ಬೆಳೆಯಲು ಜಾಗವೇ ಇರಲಿಲ್ಲ. ಹಾಗಾಗಿ ಉತ್ತರಕ್ಕೆ ಬೆಳೆಯುತ್ತಾ ಹೋಯಿತು. ಹಳೆಯ ಊರು, ದೊಡ್ಡ ಆಫೀಸುಗಳು, ನೋಡುವ ಕಟ್ಟಡಗಳು ಹೆಚ್ಚಾಗಿ ದಕ್ಷಿಣದ ತುದಿಯಲ್ಲಿವೆ. ಜನ ಮಲಗುವುದು ಉತ್ತರದಲ್ಲಿ. ಲೋಕಲ್ ರೈಲುಗಳೂ ಉತ್ತರ–ದಕ್ಷಿಣವಾಗಿಯೇ ಓಡುತ್ತವೆ. ಚರ್ಚ್‌ಗೇಟ್‌ನಿಂದ ಹೊರಡುವುದು ವೆಸ್ಟರ್ನ್ ಲೈನು. ಸಿಎಸ್‌ಎಂಟಿಯಿಂದ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್, ಹಳೆಯ ವೀಟಿ ಸ್ಟೇಶನ್) ಹೊರಡುವುದು ಸೆಂಟ್ರಲ್ ಮತ್ತು ಹಾರ್ಬರ್. ವೆಸ್ಟರ್ನ್ ಮತ್ತು ಸೆಂಟ್ರಲ್ ಕೂಡುವ ಜಾಗ ದಾದರ್. ಇಷ್ಟು ತಲೆಯಲ್ಲಿದ್ದರೆ ಅರ್ಧ ಮುಂಬೈ ತಿಳಿದ ಹಾಗೆ.

ಇನ್ನು ಗಡಿಯಾರ. ಬೆಳಗ್ಗೆ 8ರಿಂದ 11ರವರೆಗೆ ಜನ ದಕ್ಷಿಣಕ್ಕೆ ಹೋಗುತ್ತಾರೆ. ಸಂಜೆ 5ರಿಂದ 9ರವರೆಗೆ ಅದೇ ಜನ ಉತ್ತರಕ್ಕೆ ವಾಪಸ್. ದಿನಕ್ಕೆ 60 ಲಕ್ಷಕ್ಕೂ ಜಾಸ್ತಿ ಮಂದಿ ಲೋಕಲ್ ಹತ್ತುತ್ತಾರೆ, ಅವರಲ್ಲಿ ಹೆಚ್ಚಿನವರು ಈ ಎರಡು ಹೊತ್ತಿನಲ್ಲೇ. ಆ ಹೊತ್ತಿನಲ್ಲಿ ಅವರ ಜೊತೆ ಅದೇ ದಿಕ್ಕಿಗೆ ಹೋಗಬೇಡಿ. ಎದುರು ದಿಕ್ಕಿಗೆ ಹೋಗಿ, ಇಲ್ಲವೇ ಇದ್ದಲ್ಲೇ ಇರಿ. ಮಧ್ಯಾಹ್ನ 12ಕ್ಕೆ ಅದೇ ರೈಲಿನಲ್ಲಿ ಕಿಟಕಿ ಪಕ್ಕ ಕೂತು ಶೇಂಗಾ ತಿನ್ನುತ್ತಾ ಹೋಗಬಹುದು. ಅದೇ ಸೀಟಿಗೆ ಬೆಳಗ್ಗೆ 9ಕ್ಕೆ ಜನ ರೈಲು ನಿಲ್ಲುವ ಮೊದಲೇ ಹಾರಿ ಬೀಳುತ್ತಾರೆ.

ಈಗ ವಸತಿಯ ಮಾತು. ನಮ್ಮ ಕಡೆಯವರು ಇಳಿಯುವುದು ಬಹಳ ಸಲ ನೆಂಟರ ಮನೆಯಲ್ಲಿ, ಅಲ್ವಾ? ನೆಂಟರು ಇರುವುದು ಡೊಂಬಿವಿಲಿ, ಕಲ್ಯಾಣ, ಠಾಣೆ, ಇಲ್ಲ ವಸಾಯಿ ಕಡೆ. ಡೊಂಬಿವಿಲಿಯಿಂದ ಸಿಎಸ್‌ಎಂಟಿ 48 ಕಿಲೋಮೀಟರ್ ಹತ್ತಿರ. ಅಂದರೆ ದಿನಾ ಧಾರವಾಡಕ್ಕೆ ಹೋಗಿ ಬಂದು, ಮತ್ತೊಮ್ಮೆ ಹೋಗಿ ಬಂದಷ್ಟು ದಾರಿ. ನೆಂಟರ ಮನೆಯ ಊಟ, ಮಾತು ಎಲ್ಲಾ ಒಳ್ಳೆಯದೇ. ಆದರೆ ಅಲ್ಲಿ ಉಳಿದರೆ ಬೆಳಗ್ಗೆ ಚಹಾ, ಉಪ್ಪಿಟ್ಟು ಮುಗಿಸಿ 9ಕ್ಕೆ ಹೊರಡುವ ಚಟ ಬಿಡಿ. ಒಂದೋ 6ಕ್ಕೆ ಹೊರಡಿ, ಇಲ್ಲ ಊಟ ಬೇಗ ಮುಗಿಸಿ 11ರ ಮೇಲೆ ಹೊರಡಿ. ದುಡ್ಡು ಕೊಟ್ಟು ಲಾಡ್ಜ್ ಮಾಡುವವರಾದರೆ ದೂರದಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ ಹೋಗಬೇಡಿ. ಫೋರ್ಟ್ (ದಕ್ಷಿಣ ತುದಿಯ ಹಳೆಯ ಊರು), ಗ್ರಾಂಟ್ ರೋಡ್, ದಾದರ್, ಮಾಟುಂಗ, ಈ ಸುತ್ತಮುತ್ತ ನೋಡಿ. ರೂಮು ಸಣ್ಣದಿರುತ್ತದೆ, ಬಾಡಿಗೆ ಜಾಸ್ತಿ ಅನ್ನಿಸುತ್ತದೆ. ಆದರೆ ಮಧ್ಯಾಹ್ನ ಬಂದು ಒಂದು ತಾಸು ಕಾಲು ಚಾಚಲು ಆಗುತ್ತದಲ್ಲ, ನಮ್ಮ ವಯಸ್ಸಿನವರಿಗೆ ಅದಕ್ಕೇ ಬೆಲೆ.

ವಿಳಾಸ ಬರೆದುಕೊಳ್ಳುವಾಗ ಈಸ್ಟೋ ವೆಸ್ಟೋ ಕೇಳಿ ಬರೆದುಕೊಳ್ಳಿ. ಉಪನಗರಗಳಲ್ಲಿ ಹಳಿಯ ಆಚೆ ಒಂದು ಊರು, ಈಚೆ ಒಂದು ಊರು. ಡೊಂಬಿವಿಲಿ ಈಸ್ಟ್ ಬೇರೆ, ವೆಸ್ಟ್ ಬೇರೆ. ತಪ್ಪು ಕಡೆ ಇಳಿದು ಹೊರಗೆ ಬಂದರೆ ಚೀಲ ಹೊತ್ತು ಮತ್ತೆ ಸೇತುವೆ ಹತ್ತಬೇಕು. ಹಳಿ ದಾಟಿ ಹೋಗುವವರನ್ನು ನೋಡುತ್ತೀರಿ. ನೀವು ದಾಟಬೇಡಿ.

ಹೋಗುವ ದಾರಿ ನಿಮಗೆ ಗೊತ್ತೇ ಇದೆ. ನಮ್ಮ ಊರಿನ ಪಕ್ಕದಲ್ಲಿ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 48 ಬೆಳಗಾವಿ, ಕೊಲ್ಹಾಪುರ, ಸಾತಾರಾ, ಪುಣೆ ದಾಟಿ ಮುಂಬೈಗೇ ಹೋಗುತ್ತದೆ. ರಾತ್ರಿ ಬಸ್ಸು ಹತ್ತಿದವರು ಒಂದು ಕೆಲಸ ತಪ್ಪದೇ ಮಾಡಿ. ಎಲ್ಲಿ ಇಳಿಯಬೇಕು ಅನ್ನುವುದನ್ನು ಹತ್ತುವಾಗಲೇ ಡ್ರೈವರಿಗೆ ಹೇಳಿ, ಮಲಗುವ ಮೊದಲು ಕ್ಲೀನರಿಗೆ ಇನ್ನೊಮ್ಮೆ ಹೇಳಿ. ನನ್ನ ಪರಿಚಯದ ಒಂದು ಮನೆಯವರು ಚೆಂಬೂರಿಗೆ ಟಿಕೆಟ್ ತೆಗೆಸಿದ್ದರು. ಬಸ್ಸು ಅವರನ್ನು ನಸುಕಿನ ನಾಲ್ಕು ಗಂಟೆಗೆ ವಾಶಿಯ ಒಂದು ಫ್ಲೈಓವರಿನ ಕೆಳಗೆ ಇಳಿಸಿ ಹೋಯಿತು. ಜೊತೆಗೆ ಎರಡು ಮಕ್ಕಳು, ಒಂದು ಅಕ್ಕಿ ಚೀಲ. ಅಕ್ಕಿ ಚೀಲ ಯಾಕೆ ಅಂತ ನನ್ನನ್ನು ಕೇಳಬೇಡಿ.

ರೈಲಿನಲ್ಲಿ ಹೋಗುವವರಿಗೆ ಶರಾವತಿ, ಚಾಲುಕ್ಯ ಇವೆಯಲ್ಲ, ಅವು ದಾದರ್‌ವರೆಗೆ. ಗದಗದವರಿಗೆ ಸೊಲ್ಲಾಪುರದ ಮೇಲೆ ಸಿಎಸ್‌ಎಂಟಿಗೇ ಹೋಗುವ ಗಾಡಿ ಇದೆ. ಟಿಕೆಟಿನ ಮೇಲೆ ಕೊನೆಯ ಸ್ಟೇಶನ್ ಯಾವುದು ಅಂತ ನೋಡಿ, ಅದಕ್ಕೆ ತಕ್ಕ ಹಾಗೆ ಲಾಡ್ಜ್ ಹುಡುಕಿ. ಎಚ್ಚರ ಇದ್ದರೆ ಕರ್ಜತ್‌ನಲ್ಲಿ ಬಿಸಿ ವಡಾ ತಿನ್ನಿ. ಲೋಣಾವಳದಿಂದ ಘಟ್ಟ ಇಳಿದ ಮೇಲೆ ಬರುವ ಸ್ಟೇಶನ್ ಅದು. ಸಕ್ಕರೆ ಕಾಯಿಲೆ ಇದ್ದವರಿಗೂ ಒಂದು ನಡೆಯುತ್ತದೆ ಅಂತ ನನ್ನ ಅಭಿಪ್ರಾಯ, ಡಾಕ್ಟರ ಅಭಿಪ್ರಾಯ ಅಲ್ಲ.

ಬೆಳಗ್ಗೆ ಆರಕ್ಕೆ ಇಳಿಯುತ್ತೀರಿ. ಲಾಡ್ಜಿನವರು ರೂಮು ಕೊಡುವುದು ಮಧ್ಯಾಹ್ನ 12ಕ್ಕೆ. ಅಲ್ಲಿಯವರೆಗೆ ಸಾಮಾನು ಹೊತ್ತು ಅಲೆಯಬೇಡಿ. ದೊಡ್ಡ ಸ್ಟೇಶನ್‌ಗಳಲ್ಲಿ ಕ್ಲೋಕ್ ರೂಮ್ ಇರುತ್ತದೆ. ರೈಲು ಟಿಕೆಟ್ ತೋರಿಸಿ ಬ್ಯಾಗು ಇಟ್ಟು ಹೋಗಬಹುದು, ಆದರೆ ಬ್ಯಾಗಿಗೆ ಬೀಗ ಇರಬೇಕು. ಜಿಪ್ಪಿಗೆ ಹಾಕುವ ಸಣ್ಣ ಬೀಗ ಮನೆಯಿಂದಲೇ ಒಯ್ಯಿರಿ. ಸ್ಟೇಶನ್‌ನ ರಿಟೈರಿಂಗ್ ರೂಮನ್ನು ಐಆರ್‌ಸಿಟಿಸಿಯಲ್ಲಿ ನಿಮ್ಮ ಪಿಎನ್‌ಆರ್ ಮೇಲೆ ಮೊದಲೇ ಹಿಡಿಯಬಹುದು. ಇದು ಬಹಳ ಜನರಿಗೆ ಗೊತ್ತಿಲ್ಲ.

ಈಗ ಲೋಕಲ್. ಇದಕ್ಕೆ ಸ್ವಲ್ಪ ಜಾಸ್ತಿ ಹೊತ್ತು ತೆಗೆದುಕೊಳ್ಳುತ್ತೇನೆ, ಯಾಕೆಂದರೆ ಎಲ್ಲರೂ ಹೆದರುವುದು ಇದಕ್ಕೇ. ಜಗತ್ತಿನಲ್ಲೇ ಉದ್ದನೆಯ ಪ್ಲಾಟ್‌ಫಾರ್ಮ್, 1,507 ಮೀಟರ್, ನಮ್ಮ ಸಿದ್ಧಾರೂಢ ಸ್ವಾಮೀಜಿ ಸ್ಟೇಶನ್ನಿನಲ್ಲಿದೆ. ಅಲ್ಲಿ ಗಾಡಿ ಬಂದ ಮೇಲೂ ಚಹಾ ಮುಗಿಸಿ, ಬೀಗರಿಗೆ ಕೈ ಬೀಸಿ ಹತ್ತುವುದು ನಮಗೆ ರೂಢಿ. ಲೋಕಲ್ ನಿಲ್ಲುವುದು ಅರ್ಧ ನಿಮಿಷ ಇದ್ದರೆ ಹೆಚ್ಚು. ಹಾಗಾಗಿ ಹತ್ತುವ ಮೊದಲೇ ನಾಲ್ಕು ವಿಷಯ ತಿಳಿದಿರಬೇಕು: ಯಾವ ಲೈನು, ಫಾಸ್ಟೋ ಸ್ಲೋನೋ, ಕೊನೆಯ ಸ್ಟೇಶನ್ ಯಾವುದು, ನೀವು ಇಳಿಯುವಲ್ಲಿ ಪ್ಲಾಟ್‌ಫಾರ್ಮ್ ಯಾವ ಕಡೆ ಬರುತ್ತದೆ.

ಮೇಲೆ ತೂಗುಹಾಕಿದ ಬೋರ್ಡಿನಲ್ಲಿ ಕೊನೆಯ ಸ್ಟೇಶನ್, ಪಕ್ಕದಲ್ಲಿ ಎಫ್ ಅಥವಾ ಎಸ್, ಇನ್ನೆಷ್ಟು ನಿಮಿಷ, ಎಲ್ಲಾ ಬರುತ್ತದೆ. ಸ್ಲೋ ಗಾಡಿ ಎಲ್ಲಾ ಕಡೆ ನಿಲ್ಲುತ್ತದೆ. ಫಾಸ್ಟ್ ಗಾಡಿ ದೊಡ್ಡ ಸ್ಟೇಶನ್‌ಗಳಲ್ಲಿ ಮಾತ್ರ. ಸಂಶಯ ಇದ್ದರೆ ಸ್ಲೋ ಹತ್ತಿ, ಹತ್ತು ನಿಮಿಷ ತಡವಾದರೆ ಏನೂ ಹಾಳಾಗುವುದಿಲ್ಲ. ಮಾಟುಂಗಕ್ಕೆ ಹೋಗಬೇಕಿದ್ದರೆ ಸ್ಲೋನೇ ಹತ್ತಬೇಕು. ಸಂಜೆ ಹೊತ್ತು ಅಂಧೇರಿಗೋ ಬೊರಿವಲಿಗೋ ಹೋಗುವವರು ವಿರಾರ್ ಫಾಸ್ಟ್ ಹತ್ತಬೇಡಿ. ನಡುವೆ ಇಳಿಯಲು ಬಾಗಿಲಿನವರೆಗೆ ತಲುಪುವುದೇ ಕಷ್ಟ, ಜೊತೆಗೆ ದಿನಾ ಆ ಗಾಡಿಯಲ್ಲಿ ಹೋಗುವವರ ಬೈಗುಳ ಬೇರೆ. ಅವರದ್ದೂ ತಪ್ಪಲ್ಲ ಬಿಡಿ, ಅವರಿಗೆ ಮನೆ ಇನ್ನೂ ಬಹಳ ದೂರ ಇರುತ್ತದೆ.

ಇಳಿಯುವ ಸ್ಟೇಶನ್‌ಗಿಂತ ಒಂದು ಸ್ಟೇಶನ್ ಮೊದಲೇ ಎದ್ದು ಬಾಗಿಲ ಕಡೆ ಸರಿಯಿರಿ. ಎದುರಿಗಿದ್ದವರನ್ನು "ದಾದರ್ ಉತರನಾ ಹೈ ಕ್ಯಾ?" ಅಂತ ಕೇಳಿ. ಹೌದು ಅಂದರೆ ಅವರ ಹಿಂದೆ ನಿಲ್ಲಿ, ಇಲ್ಲ ಅಂದರೆ ಅವರೇ ಪಕ್ಕಕ್ಕೆ ಸರಿದು ಜಾಗ ಬಿಡುತ್ತಾರೆ. ಬೆನ್ನಿನ ಬ್ಯಾಗನ್ನು ಎದೆಯ ಕಡೆ ಹಾಕಿಕೊಳ್ಳಿ, ಅಲ್ಲಿ ಎಲ್ಲರೂ ಹಾಗೇ ಮಾಡುತ್ತಾರೆ. ತೆರೆದ ಬಾಗಿಲಲ್ಲಿ ನಿಂತು ಫೋನಿನಲ್ಲಿ ಮಾತಾಡಬೇಡಿ. ಮೂವರ ಸೀಟಿನಲ್ಲಿ ನಾಲ್ಕನೆಯವರು ಬಂದು "ಥೋಡಾ ಸರಕೋ" ಅಂದರೆ ಸರಿಯಿರಿ, ಜಗಳ ಮಾಡಬೇಡಿ. ಅದು ಅಲ್ಲಿನ ಪದ್ಧತಿ.

ಹೆಂಗಸರಿಗೆ ಬೇರೆ ಡಬ್ಬಿ ಇದೆ, ಪ್ಲಾಟ್‌ಫಾರ್ಮಿನಲ್ಲಿ ಅದು ಎಲ್ಲಿ ನಿಲ್ಲುತ್ತದೆ ಅಂತ ಗುರುತು ಇರುತ್ತದೆ. ಗಂಡ ಒಂದು ಡಬ್ಬಿ, ಹೆಂಡತಿ ಒಂದು ಡಬ್ಬಿ ಹತ್ತುವುದಾದರೆ ಇಳಿಯುವ ಸ್ಟೇಶನ್ ಹೆಸರು ಇಬ್ಬರಿಗೂ ಬಾಯಿಪಾಠ ಇರಲಿ. ಫಸ್ಟ್ ಕ್ಲಾಸ್ ಡಬ್ಬಿ ನೋಡಲು ಸೆಕೆಂಡ್ ಕ್ಲಾಸಿನ ಹಾಗೇ ಇರುತ್ತದೆ, ಹೊರಗೆ ಬರೆದದ್ದು ಓದದೆ ಹತ್ತಿದರೆ ದಂಡ. ಅಂಗವಿಕಲರ ಡಬ್ಬಿಗೂ ಸುಮ್ನೆ ನುಗ್ಗಬೇಡಿ. ಎಸಿ ಲೋಕಲ್ ಕೂಡ ಇದೆ. ಅದರ ಬಾಗಿಲು ತಾನೇ ಮುಚ್ಚುತ್ತದೆ, ಟಿಕೆಟ್ ಬೇರೆ. ಹೊಸಬರಿಗೆ, ವಯಸ್ಸಾದವರಿಗೆ ಅದು ಒಳ್ಳೆಯದು. ದಿನಾ ನಾಲ್ಕು ಕಡೆ ಓಡಾಡುವವರಿಗೆ ಲೋಕಲ್‌ನಲ್ಲಿ 1, 3, 5 ದಿನದ ಟೂರಿಸ್ಟ್ ಟಿಕೆಟ್ ಕೊಡುತ್ತಾರೆ. ಕೌಂಟರಿನಲ್ಲಿ ಟೂರಿಸ್ಟ್ ಟಿಕೆಟ್ ಅಂತಲೇ ಕೇಳಿದರೆ ಸಿಗುತ್ತದೆ, ಮತ್ತೆ ಮತ್ತೆ ಸಾಲು ಹಚ್ಚುವುದು ತಪ್ಪುತ್ತದೆ.

ದಾದರ್‌ನಲ್ಲಿ ಗಾಬರಿ ಆಗುವುದು ಸಹಜ. ಮೊದಲು ಅಲ್ಲಿ ವೆಸ್ಟರ್ನ್‌ನವರಿಗೂ ಒಂದನೇ ನಂಬರ್ ಪ್ಲಾಟ್‌ಫಾರ್ಮ್, ಸೆಂಟ್ರಲ್‌ನವರಿಗೂ ಒಂದನೇ ನಂಬರ್. 2023ರ ಡಿಸೆಂಬರ್‌ನಲ್ಲಿ ಅದನ್ನು ಸರಿಮಾಡಿದ್ದಾರೆ. ಈಗ 1ರಿಂದ 7 ವೆಸ್ಟರ್ನ್, 8ರಿಂದ ಮುಂದೆ ಸೆಂಟ್ರಲ್. ನೆಂಟರು ಹಳೆಯ ನಂಬರ್ ಹೇಳಿದರೆ ಹೌದೌದು ಅನ್ನಿ, ಆಮೇಲೆ ಬೋರ್ಡ್ ನೋಡಿ.

ಭಾನುವಾರದ ಬಗ್ಗೆ ಒಂದು ಮಾತು. ಭಾನುವಾರ ರೈಲು ಖಾಲಿ ಅಂತ ಎಲ್ಲರೂ ಹೇಳುತ್ತಾರೆ. ಜನ ಕಡಿಮೆ ಇರುವುದು ನಿಜ, ಆದರೆ ರೈಲೂ ಕಡಿಮೆ. ಹಳಿ ದುರಸ್ತಿಗೆ ಹಗಲು ಹೊತ್ತು ಮೆಗಾ ಬ್ಲಾಕ್ ಅಂತ ಕೆಲವು ಹಳಿ ಬಂದ್ ಮಾಡುತ್ತಾರೆ, ಫಾಸ್ಟ್ ಗಾಡಿಗಳನ್ನು ಸ್ಲೋ ಹಳಿಗೆ ತಿರುಗಿಸುತ್ತಾರೆ. ಯಾವ ಲೈನಿನಲ್ಲಿ, ಎಷ್ಟರಿಂದ ಎಷ್ಟರವರೆಗೆ ಅನ್ನುವುದು ಶನಿವಾರವೇ ಸುದ್ದಿಯಲ್ಲಿ ಬರುತ್ತದೆ. ನೋಡಿಕೊಂಡು ಹೊರಡಿ.

ಹಾಗಾದರೆ ಭಾನುವಾರ ಏನು ಮಾಡುವುದು? ಫೋರ್ಟ್. ಬೆಳಗ್ಗೆ ಏಳಕ್ಕೆ. ಇಡೀ ವಾರ ಕಾಲಿಡಲು ಜಾಗ ಇಲ್ಲದ ರಸ್ತೆಗಳು ಆವತ್ತು ಖಾಲಿ, ಆಫೀಸು ಇಲ್ಲ, ಹಾರ್ನ್ ಇಲ್ಲ. ಸಿಎಸ್‌ಎಂಟಿ ಎದುರು ರಸ್ತೆಯ ಆಚೆ ನಿಂತು ಕಟ್ಟಡ ನೋಡಿ. ಟ್ಯಾಕ್ಸಿಯವರಿಗೆ ಇವತ್ತಿಗೂ ವೀಟಿ ಅಂದರೂ ತಿಳಿಯುತ್ತದೆ. ಎಫ್. ಡಬ್ಲ್ಯೂ. ಸ್ಟೀವನ್ಸ್ ಅನ್ನುವವರು ವಿನ್ಯಾಸ ಮಾಡಿದ್ದು, ಹತ್ತು ವರ್ಷ ಕಟ್ಟಿ 1888ರಲ್ಲಿ ಮುಗಿಸಿದರು, 2004ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ನಮ್ಮ ದೇಶದ ಮೊದಲ ಪ್ರಯಾಣಿಕರ ರೈಲು 1853ರ ಏಪ್ರಿಲ್ 16ರಂದು ಹೊರಟದ್ದೂ ಈ ಜಾಗದಲ್ಲಿದ್ದ ಬೋರಿಬಂದರ್ ಸ್ಟೇಶನ್ನಿನಿಂದ, ಠಾಣೆಗೆ. ಅಂದರೆ ನಿಮ್ಮ ನೆಂಟರು ದಿನಾ ಶಪಿಸುತ್ತಾ ಹೋಗುವ ಲೈನು ದೇಶದ ಮೊದಲ ಲೈನು. ಅವರಿಗೆ ಹೇಳಿ ನೋಡಿ, ಏನೂ ಸಮಾಧಾನ ಆಗುವುದಿಲ್ಲ.

ಅಲ್ಲಿಂದ ನಡೆದುಕೊಂಡೇ ಹುತಾತ್ಮ ಚೌಕ, ಅಲ್ಲಿಂದ ಓವಲ್ ಮೈದಾನ. ಈ ಮೈದಾನದ ನಡುವೆ ಐದು ನಿಮಿಷ ನಿಲ್ಲಿ. ಬಹಳ ಜನ ಇದನ್ನು ನೋಡದೆ ಗೇಟ್‌ವೇಗೆ ಓಡುತ್ತಾರೆ. ಪೂರ್ವಕ್ಕೆ ಮುಖ ಮಾಡಿದರೆ ಹೈಕೋರ್ಟು, ವಿಶ್ವವಿದ್ಯಾಲಯ, ಅದರ ರಾಜಾಬಾಯಿ ಗಡಿಯಾರ ಗೋಪುರ. ಎಲ್ಲಾ ಕಲ್ಲಿನ ಚೂಪು ಕಮಾನಿನ ಕಟ್ಟಡಗಳು, 19ನೇ ಶತಮಾನದವು. ಪಶ್ಚಿಮಕ್ಕೆ ತಿರುಗಿದರೆ ದುಂಡು ಬಾಲ್ಕನಿಗಳ ಆರ್ಟ್ ಡೆಕೊ ಮನೆಗಳ ಸಾಲು, 1930ರ ದಶಕದ ಸುಮಾರಿನವು. ಒಂದೇ ಮೈದಾನದ ಎರಡು ದಂಡೆಯಲ್ಲಿ ಎರಡು ಕಾಲ. 2018ರಲ್ಲಿ ಈ ಎರಡನ್ನೂ ಸೇರಿಸಿ ಯುನೆಸ್ಕೋ ಪಟ್ಟಿಗೆ ತೆಗೆದುಕೊಂಡರು. ರಾಜಾಬಾಯಿ ಗೋಪುರಕ್ಕೆ ದುಡ್ಡು ಕೊಟ್ಟವರು ಹತ್ತಿ ವ್ಯಾಪಾರದಲ್ಲಿ ಹೆಸರು ಮಾಡಿದ ಪ್ರೇಮಚಂದ್ ರಾಯಚಂದ್. ರಾಜಾಬಾಯಿ ಅವರ ತಾಯಿಯ ಹೆಸರು. ಹತ್ತಿ ಅಂದ ಮೇಲೆ ನಮಗೂ ಕಿವಿ ನಿಮಿರಬೇಕು. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಅಲ್ಲಿನ ಹತ್ತಿ ಇಂಗ್ಲೆಂಡಿಗೆ ಬರುವುದು ನಿಂತು ಮುಂಬೈಗೆ ದುಡ್ಡಿನ ಹೊಳೆ ಹರಿಯಿತು. ಆಗ ನಮ್ಮ ಧಾರವಾಡ ಸೀಮೆಯ ಹತ್ತಿಗೂ ಬೇಡಿಕೆ ಇತ್ತು. ಎದುರಿಗೆ ಕಾಣುವ ಹೈಕೋರ್ಟಿನಲ್ಲೇ ನಾನು ಮೊದಲು ಹೇಳಿದ ಹೊಲದ ವ್ಯಾಜ್ಯಗಳು ನಡೆದದ್ದು. ನಿಮ್ಮ ಮನೆಯ ಹಳೆಯ ಟ್ರಂಕಿನಲ್ಲಿ ಕೋರ್ಟಿನ ಕಾಗದ ಇದ್ದರೆ ತೆಗೆದು ನೋಡಿ, ಕೆಲವರ ಹತ್ತಿರ ಇನ್ನೂ ಇವೆ.

ಮುಂದೆ ಕಾಲಾ ಘೋಡಾ, ದೊಡ್ಡ ಮ್ಯೂಸಿಯಂ, ಆಮೇಲೆ ಗೇಟ್‌ವೇ. ಎಲ್ಲಾ ನಡೆಯುವ ದೂರದಲ್ಲೇ. ಮಂಡಿ ನೋವಿದ್ದವರು ಮ್ಯೂಸಿಯಂ ಬಿಟ್ಟು ಬೇರೆಲ್ಲೂ ಕೂರಲು ಹೆಚ್ಚು ಜಾಗ ಇಲ್ಲ ಅನ್ನುವುದನ್ನು ನೆನಪಿಡಿ. ಗೇಟ್‌ವೇಯ ಕತೆ ಸ್ವಲ್ಪ ತಮಾಷೆಯದು. 1911ರಲ್ಲಿ ಐದನೇ ಜಾರ್ಜ್ ದೊರೆ ಬಂದಾಗ ಅವನ ಸ್ವಾಗತಕ್ಕೆ ಅಂತ ಯೋಚಿಸಿದ ಕಮಾನು ಅದು. ಆದರೆ ಅವನು ಬಂದಾಗ ಕಂಡದ್ದು ಕಾರ್ಡ್‌ಬೋರ್ಡಿನ ಮಾದರಿ ಮಾತ್ರ. ನಿಜವಾದ ಕಮಾನು ತೆರೆದದ್ದು 1924ರಲ್ಲಿ. 1948ರ ಫೆಬ್ರವರಿ 28ರಂದು ಬ್ರಿಟಿಷರ ಕೊನೆಯ ಪಡೆ ಅದೇ ಕಮಾನಿನ ಕೆಳಗೆ ನಡೆದು ಹಡಗು ಹತ್ತಿತು. ನಮ್ಮ ಸರಕಾರಿ ಕೆಲಸ ತಡ ಅಂತ ಬೈಯುವವರು ಆ ಕಮಾನು ತಡವಾದದ್ದನ್ನೂ ನೆನಪಿಡಿ. ಅಲ್ಲಿ ಫೋಟೋ ತೆಗೆಯುವವರು ಸುತ್ತುವರಿಯುತ್ತಾರೆ. ಬೇಕಿದ್ದರೆ ಎಷ್ಟು ಪ್ರತಿಗೆ ಎಷ್ಟು ದುಡ್ಡು ಅಂತ ಮೊದಲೇ ಮಾತಾಡಿ, ಬೇಡ ಅಂದರೆ ಬೇಡ ಅಂತ ಒಮ್ಮೆ ಹೇಳಿ ಮುಂದೆ ನಡೆಯಿರಿ.

ಎಲಿಫೆಂಟಾ ದ್ವೀಪದ ಗುಹೆಗಳು ಸೋಮವಾರ ಇಲ್ಲ. ಬೊರಿವಲಿ ಕಡೆಯ ಕಾನ್ಹೇರಿ ಗುಹೆಗಳೂ ಸೋಮವಾರ ಬಂದ್. ಎಷ್ಟೋ ಮಂದಿ ಶನಿವಾರ, ಭಾನುವಾರ ರಶ್ಶು ಅಂತ ಬೇಕಂತಲೇ ಸೋಮವಾರ ಇಟ್ಟುಕೊಳ್ಳುತ್ತಾರೆ. ಗೇಟ್‌ವೇಯಿಂದ ಎಲಿಫೆಂಟಾಕ್ಕೆ ಬೋಟಿನಲ್ಲಿ ಹತ್ತಿರ ಹತ್ತಿರ ಒಂದು ತಾಸು. ಬೆಳಗಿನ ಮೊದಲ ಬೋಟುಗಳಲ್ಲೇ ಹೋಗಿ. ಮಧ್ಯಾಹ್ನ ಹೋದರೆ ಬಿಸಿಲು, ಮೆಟ್ಟಿಲು, ವಾಪಸ್ ಬೋಟಿನ ಸಾಲು, ಮೂರೂ ಒಟ್ಟಿಗೆ ಸಿಗುತ್ತವೆ. ಮೆಟ್ಟಿಲು ನೂರಕ್ಕೂ ಜಾಸ್ತಿ. ಏರಲಾಗದವರಿಗೆ ಡೋಲಿ ಇದೆ, ದರ ಮೊದಲೇ ಮಾತಾಡಿ. ಮಂಗಗಳ ಮುಂದೆ ತಿಂಡಿ ಪೊಟ್ಟಣ ತೆಗೆಯಬೇಡಿ. ಬೋಟಿನಲ್ಲಿ ಲೈಫ್ ಜಾಕೆಟ್ ಹಾಕಿಕೊಳ್ಳಿ. ಬಿಸಿ, ಬೆವರು, ವಾಸನೆ ಅಂತ ತೆಗೆದಿಡಬೇಡಿ. 2024ರ ಡಿಸೆಂಬರ್ 18ರಂದು ಎಲಿಫೆಂಟಾಕ್ಕೆ ಹೊರಟ ಬೋಟಿಗೆ ನೌಕಾಪಡೆಯ ಸ್ಪೀಡ್ ಬೋಟು ಬಡಿದು ಜನ ಸತ್ತದ್ದು ನೆನಪಿದೆಯಲ್ಲ.

"ನಾವು ಬಾದಾಮಿ ನೋಡೀವಿ, ಮತ್ತ ಗುಹಾ ಯಾಕ್ರಿ?" ಅಂತ ಮುಂದಿನ ಸಾಲಿನಿಂದ ಕೇಳುತ್ತಿದ್ದಾರೆ. ಬಾದಾಮಿ ನೋಡಿದವರೇ ಅದನ್ನು ನೋಡಬೇಕು ಅಂತ ನನಗೆ ಅನ್ನಿಸುತ್ತದೆ. ಬಾದಾಮಿಯ ಮೂರನೇ ಗುಹೆಯ ಶಾಸನ ಕ್ರಿ.ಶ. 578ರದ್ದು. ಎಲಿಫೆಂಟಾ ಕೂಡ ಹತ್ತಿರ ಹತ್ತಿರ ಅದೇ ಶತಮಾನದ ಕೆಲಸ ಅಂತ ವಿದ್ವಾಂಸರು ಹೇಳುತ್ತಾರೆ. ನಮ್ಮಲ್ಲಿ ಹದಿನೆಂಟು ಕೈಯ ನಟರಾಜ ಗುಹೆಯ ಹೊರಗೆ ಬೆಳಕಿನಲ್ಲಿ ಕುಣಿಯುತ್ತಾನೆ. ಅಲ್ಲಿ ಒಳಗಿನ ಅರೆಗತ್ತಲಲ್ಲಿ ಮೂರು ಮುಖದ ಸದಾಶಿವ, ಎತ್ತರ ಹತ್ತಿರ ಹತ್ತಿರ ಇಪ್ಪತ್ತು ಅಡಿ, ಕಣ್ಣು ಮುಚ್ಚಿ ಸುಮ್ಮನಿದ್ದಾನೆ. ಒಳಗೆ ಹೋದ ತಕ್ಷಣ ಏನೂ ಕಾಣುವುದಿಲ್ಲ. ಕಣ್ಣು ಹೊಂದುವವರೆಗೆ ನಿಲ್ಲಿ, ಫ್ಲ್ಯಾಶ್ ಹಾಕಿ ಓಡಬೇಡಿ.

ದೇವರ ದರ್ಶನಕ್ಕೂ ವಾರ ನೋಡಬೇಕು. ಸಿದ್ಧಿವಿನಾಯಕನಿಗೆ ಮಂಗಳವಾರ ಸಾಲು ಎಲ್ಲಿ ಮುಗಿಯುತ್ತದೆ ಅಂತ ಕಾಣುವುದಿಲ್ಲ, ಅಂಗಾರಕ ಸಂಕಷ್ಟಿ ಬಂದರಂತೂ ಕೇಳಲೇಬೇಡಿ. ಮಂಗಳವಾರವೇ ಹೋಗಬೇಕು ಅನ್ನುವ ಹರಕೆ ಇದ್ದವರು ಹೋಗಿ, ಉಳಿದವರು ಬುಧವಾರ ಬೆಳಗ್ಗೆ ಹೋಗಿ. ಹಾಜಿ ಅಲಿ ದರ್ಗಾ ಸಮುದ್ರದ ಒಳಗಿದೆ. ಹೋಗುವ ದಾರಿ ಭರತದ ಹೊತ್ತಿಗೆ, ಅಂದರೆ ಸಮುದ್ರದ ನೀರು ಏರಿದಾಗ, ಮುಳುಗುತ್ತದೆ. ಆವತ್ತಿನ ಭರತ ಎಷ್ಟಕ್ಕೆ ಅಂತ ಫೋನಿನಲ್ಲೇ ನೋಡಬಹುದು. ಮಹಾಲಕ್ಷ್ಮಿ ಗುಡಿ ಅಲ್ಲಿಂದ ಹತ್ತಿರವೇ ಇದೆ, ಎರಡನ್ನೂ ಒಂದೇ ಓಡಾಟದಲ್ಲಿ ಮುಗಿಸಿ.

ಫಿಲ್ಮ್ ಸ್ಟಾರ್ ಮನೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗೇಟು ನೋಡಿ, ಗೇಟಿನ ಮುಂದೆ ಫೋಟೋ ತೆಗೆಸಿಕೊಂಡು ಬರುತ್ತೀರಿ. ಮಕ್ಕಳು ಹಟ ಮಾಡಿದರೆ ಬಾಂದ್ರಾ ಬ್ಯಾಂಡ್‌ಸ್ಟ್ಯಾಂಡಿಗೆ ಸಂಜೆ ಹೋಗಿ, ಕೊನೆಗೆ ಸಮುದ್ರದ ಗಾಳಿಯಾದರೂ ಸಿಗುತ್ತದೆ.

ಊಟ. ರೊಟ್ಟಿ ಬುತ್ತಿ ಕಟ್ಟಿಕೊಂಡು ಹೋಗುತ್ತೀರಿ, ಗೊತ್ತು. ಒಂದು ದಿನದ್ದು ಸಾಕು. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಇದ್ದರೆ ರೈಲಿನಲ್ಲಿ ಚಿಂತೆ ಇಲ್ಲ. ಅಲ್ಲಿಯೂ ಮರಾಠಿ ಖಾನಾವಳಿಗಳಲ್ಲಿ ಜೋಳದ ಭಾಕರಿ, ಝುಣಕ, ಠೇಚಾ ಸಿಗುತ್ತದೆ. ಝುಣಕ ನಮ್ಮ ಮನೆಯದೇ ಅಲ್ವಾ? ದಾದರ್ ಸುತ್ತ ಹುಡುಕಿ. ಅನ್ನ, ಸಾರು ಬೇಕಾದರೆ ಮಾಟುಂಗ. ಸೆಂಟ್ರಲ್ ಲೈನಿನಲ್ಲಿ ದಾದರ್ ಆದ ಮೇಲಿನ ಸ್ಟೇಶನ್ನೇ ಅದು. ಸ್ಟೇಶನ್ ಹತ್ತಿರವೇ ರಾಮ ನಾಯಕರು 1942ರಲ್ಲಿ ಶುರು ಮಾಡಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇದೆ, ಬಾಳೆ ಎಲೆಯ ಊಟ. ಸುತ್ತ ಹಳೆಯ ಇಡ್ಲಿ, ದೋಸೆ ಹೋಟೆಲುಗಳು, ಹೂವಿನ ಅಂಗಡಿ, ಫಿಲ್ಟರ್ ಕಾಫಿ. ಮೈಸೂರು ಅಸೋಸಿಯೇಶನ್ ಇರುವುದೂ ಮಾಟುಂಗದಲ್ಲೇ. ಸಂಜೆ ಕನ್ನಡ ನಾಟಕವೋ ಸಂಗೀತವೋ ಇದೆಯಾ ಅಂತ ವಿಚಾರಿಸಿ. ಬೀದಿಯಲ್ಲಿ ವಡಾಪಾವ್ ತಿನ್ನಿ, ನಿಮ್ಮ ಕಣ್ಣೆದುರು ಎಣ್ಣೆಯಿಂದ ತೆಗೆದದ್ದು ಇರಲಿ. ಮಿರ್ಚಿ ಭಜಿ, ಗಿರ್ಮಿಟ್ ಅರಗಿಸಿಕೊಂಡ ಹೊಟ್ಟೆಗೆ ಅದೇನೂ ಮಾಡುವುದಿಲ್ಲ. ಐಸ್ ಹಾಕಿದ ಬಣ್ಣದ ಶರಬತ್ತು ಮಾತ್ರ ಬೇಡ. ಚಹಾಕ್ಕೆ "ಕಟಿಂಗ್" ಅನ್ನಿ, ಅರ್ಧ ಕೊಡುತ್ತಾರೆ.

ರಿಕ್ಷಾ ಹುಡುಕುವವರಿಗೆ: ಆಟೋ ಇರುವುದು ಬಾಂದ್ರಾ ಮತ್ತು ಸಾಯನ್‌ನಿಂದ ಉತ್ತರಕ್ಕೆ ಮಾತ್ರ. ದಕ್ಷಿಣದಲ್ಲಿ ಆಟೋ ಬಿಡುವುದೇ ಇಲ್ಲ, ಕಪ್ಪು–ಹಳದಿ ಟ್ಯಾಕ್ಸಿ ಹಿಡಿಯಬೇಕು. ಮೀಟರ್ ಹಾಕಿಸಿ ಕೂರಿ. ಪೂರ್ವದಿಂದ ಪಶ್ಚಿಮಕ್ಕೆ ಸಂಜೆ ಹೊತ್ತು ಟ್ಯಾಕ್ಸಿಯಲ್ಲಿ ಹೋಗುವ ಯೋಚನೆ ಬಿಟ್ಟುಬಿಡಿ. ನಮ್ಮ ವಯಸ್ಸಿನವರಿಗೆ ಈಗ ಒಂದು ದೊಡ್ಡ ಅನುಕೂಲ ಆಗಿದೆ, ನೆಲದಡಿಯ ಮೆಟ್ರೋ. ಮೂರನೇ ಲೈನು, 33.5 ಕಿಲೋಮೀಟರ್, ಆರೆಯಿಂದ ಕಫ್ ಪರೇಡ್‌ವರೆಗೆ, 2025ರ ಅಕ್ಟೋಬರ್‌ನಿಂದ ಪೂರ್ತಿ ಓಡುತ್ತಿದೆ. ವಿಮಾನ ನಿಲ್ದಾಣ, ದಾದರ್, ಸಿದ್ಧಿವಿನಾಯಕ, ಸಿಎಸ್‌ಎಂಟಿ, ಚರ್ಚ್‌ಗೇಟ್, ಎಲ್ಲಾ ಅದರ ಮೇಲೇ ಬರುತ್ತವೆ. ಲಿಫ್ಟ್ ಇದೆ, ಎಸಿ ಇದೆ, ನೂಕಾಟ ಕಡಿಮೆ. ಆದರೂ ಒಮ್ಮೆ ಲೋಕಲ್ ಹತ್ತಿಯೇ ಬನ್ನಿ, ಮಧ್ಯಾಹ್ನದ ಹೊತ್ತು.

ಜೂನ್‌ನಿಂದ ಸೆಪ್ಟೆಂಬರ್ ಮಧ್ಯೆ ಹೋಗಲೇಬೇಕಾ ಅಂತ ಯೋಚಿಸಿ. ನಮ್ಮ ಮಳೆ ಬೇರೆ, ಅಲ್ಲಿನ ಮಳೆ ಬೇರೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಬಿತ್ತು. ಧಾರವಾಡಕ್ಕೆ ವರ್ಷವಿಡೀ ಬೀಳುವುದಕ್ಕಿಂತ ಜಾಸ್ತಿ ಅದು. ದೊಡ್ಡ ಮಳೆ ಮತ್ತು ದೊಡ್ಡ ಭರತ ಒಂದೇ ಹೊತ್ತಿಗೆ ಬಂದರೆ ನೀರು ಸಮುದ್ರಕ್ಕೆ ಇಳಿಯುವುದಿಲ್ಲ, ಹಳಿಯ ಮೇಲೆ ನಿಲ್ಲುತ್ತದೆ, ರೈಲು ನಿಲ್ಲುತ್ತದೆ. ಅಂಥ ದಿನ ಹೊರಗೆ ಸಿಕ್ಕಿಬಿದ್ದರೆ ಸ್ಟೇಶನ್ನಿನಲ್ಲೇ ಇರಿ, ನೀರಿನಲ್ಲಿ ನಡೆಯಬೇಡಿ. ರಸ್ತೆಯ ನೀರಿನ ಕೆಳಗೆ ತೆರೆದ ಮ್ಯಾನ್‌ಹೋಲ್ ಇರಬಹುದು. ನವೆಂಬರ್‌ನಿಂದ ಫೆಬ್ರವರಿಯವರೆಗೆ ಒಳ್ಳೆಯ ಕಾಲ.

"ಗುಂಪಿನಾಗ ಯಾರರ ಹತ್ತದ ಉಳದ್ರ?" ಅಂತ ಅಕ್ಕನವರೊಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ, ಇದು ಆಗಿಯೇ ಆಗುತ್ತದೆ. ಮನೆಯಲ್ಲೇ ಒಂದು ನಿಯಮ ಮಾಡಿಕೊಂಡು ಹೊರಡಿ. ಹತ್ತಿದವರು ಗಾಡಿ ಮುಂದೆ ನಿಲ್ಲುವ ಮೊದಲ ಸ್ಟೇಶನ್ನಿನಲ್ಲಿ ಇಳಿದು, ಇಳಿದ ಜಾಗದಲ್ಲೇ ನಿಲ್ಲಬೇಕು. ಉಳಿದವರು ಕದಲಬಾರದು. ಫೋನು ಹತ್ತಿದರೆ ಮಾತಾಡಿ, ಹತ್ತದಿದ್ದರೆ ಹತ್ತಿದವರಲ್ಲೊಬ್ಬರು ವಾಪಸ್ ಬಂದು ಕರೆದುಕೊಂಡು ಹೋಗಬೇಕು. ಇಬ್ಬರೂ ಒಬ್ಬರನ್ನೊಬ್ಬರು ಹುಡುಕಲು ಹೊರಟರೆ ಸಂಜೆಯವರೆಗೂ ಸಿಗುವುದಿಲ್ಲ. ಓಡುವ ಗಾಡಿಯಿಂದ ಯಾರೂ ಹಾರಬಾರದು. ಲಾಡ್ಜಿನ ಕಾರ್ಡ್ ಅಥವಾ ನೆಂಟರ ವಿಳಾಸ ಪ್ರತಿಯೊಬ್ಬರ ಕಿಸೆಯಲ್ಲೂ ಕಾಗದದ ಮೇಲೆ ಬರೆದು ಇರಲಿ, ಫೋನು ಕಳುವಾದರೆ ನಂಬರೂ ಹೋಗುತ್ತದೆ. ದುಡ್ಡನ್ನೂ ಒಬ್ಬರ ಹತ್ತಿರವೇ ಇಡಬೇಡಿ. ರೈಲ್ವೆಯದು 139, ಬೇರೆ ಎಲ್ಲಕ್ಕೂ 112.

ಕೊನೆಗೆ ವಾಪಸ್ ಬರುವ ದಿನ. ರಾತ್ರಿ ದಾದರ್‌ನಿಂದ ಗಾಡಿ ಅಂತ ಏಳು ಗಂಟೆಗೆ ಫೋರ್ಟ್‌ನಿಂದ ಸಾಮಾನು ಸಮೇತ ಲೋಕಲ್ ಹತ್ತಲು ಹೋಗಬೇಡಿ, ಆ ಹೊತ್ತಿನಲ್ಲಿ ಬರೀ ಕೈಯವರಿಗೇ ಜಾಗ ಇರುವುದಿಲ್ಲ. ಮಧ್ಯಾಹ್ನ ನಾಲ್ಕರ ಒಳಗೇ ದಾದರ್ ಕಡೆ ಬಂದುಬಿಡಿ. ಬ್ಯಾಗು ಕ್ಲೋಕ್ ರೂಮಿನಲ್ಲಿಟ್ಟು ಮಾಟುಂಗದಲ್ಲಿ ಅಡ್ಡಾಡಿ, ಬೇಗ ಊಟ ಮುಗಿಸಿ, ಮೊಸರನ್ನ ಕಟ್ಟಿಸಿಕೊಂಡು ಟ್ಯಾಕ್ಸಿಯಲ್ಲಿ ಸ್ಟೇಶನ್ನಿಗೆ ಬನ್ನಿ. ಬಸ್ಸಿನವರಿಗೂ ಇದೇ ಮಾತು. ಬೊರಿವಲಿಯಿಂದ ಹೊರಡುವ ಬಸ್ಸನ್ನು ಅಲ್ಲೇ ಹತ್ತಿ ಊರು ದಾಟುವವರೆಗೆ ಟ್ರಾಫಿಕ್ಕಿನಲ್ಲಿ ಕೂರುವ ಬದಲು, ಬಸ್ಸು ಸಾಯನ್, ಚೆಂಬೂರ್, ವಾಶಿಯಲ್ಲಿ ನಿಲ್ಲುತ್ತದಾ ಕೇಳಿ, ನಿಮ್ಮ ಮನೆಗೆ ಯಾವುದು ಹತ್ತಿರವೋ ಅಲ್ಲಿಂದಲೇ ಟಿಕೆಟ್ ತೆಗೆಸಿ.